ಕೊಟ್ಟದ್ದೆಷ್ಟು ಅಲ್ಲ, ಕೈಯಲ್ಲಿ ಉಳಿದದ್ದೆಷ್ಟು: ಚರ್ಚಿನ ಕಾಣಿಕೆಯ ಹಿಂದಿರುವ ಲೆಕ್ಕ

ಭಾನುವಾರದ ಆರಾಧನೆ ನಡೆಯುವಾಗ ಚರ್ಚಿನಲ್ಲಿ ಒಂದು ಬಟ್ಟೆಯ ಚೀಲ ಸಾಲಿನಿಂದ ಸಾಲಿಗೆ ಹೋಗುತ್ತದೆ. ಒಬ್ಬರು ಹತ್ತು ರೂಪಾಯಿ ಹಾಕುತ್ತಾರೆ, ಇನ್ನೊಬ್ಬರು ಐನೂರು, ಮತ್ತೊಬ್ಬರು ಮುಚ್ಚಿದ ಲಕೋಟೆ. ಮುಷ್ಟಿ ಮುಚ್ಚಿಕೊಂಡೇ ಚೀಲದೊಳಗೆ ಕೈ ಹಾಕುವುದರಿಂದ ಯಾರು ಎಷ್ಟು ಹಾಕಿದರು ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಅರ್ಥದ ಯೇಸುವಿನ ಉಪದೇಶಕ್ಕೆ ಒಪ್ಪುವ ಪದ್ಧತಿ ಇದು.

ಈ ಕಾಣಿಕೆಯ ಬಗ್ಗೆ ಅಕ್ಕಪಕ್ಕದವರಲ್ಲಿ, ಅಂಗಡಿ ಕಟ್ಟೆಗಳಲ್ಲಿ ಮೂರು ಪ್ರಶ್ನೆ ಸಾಮಾನ್ಯ. 'ಅವರಲ್ಲಿ ದುಡಿಮೆಯ ಹತ್ತರಲ್ಲಿ ಒಂದು ಪಾಲು ಕಡ್ಡಾಯವಂತೆ, ಹೌದಾ?' 'ಹೊರದೇಶದಿಂದ ದುಡ್ಡು ಬರುತ್ತಲ್ಲ, ಮತ್ತೆ ಇವರು ಯಾಕೆ ಕೊಡಬೇಕು?' 'ಕೊಟ್ಟರೆ ಎರಡರಷ್ಟು ವಾಪಸ್ ಬರುತ್ತೆ ಅಂತಾರಲ್ಲ, ನಿಜವಾ?' ಮೂರಕ್ಕೂ ಉತ್ತರ ಹುಡುಕಲು ಹೊರಟರೆ ಯೆರೂಸಲೇಮಿನ ದೇವಾಲಯದಿಂದ ಸ್ವಿಟ್ಜರ್‌ಲೆಂಡ್‌ಗೆ, ಅಲ್ಲಿಂದ ನೇರ ಮಂಗಳೂರು, ಧಾರವಾಡ, ಬೆಟಗೇರಿಗೆ ಬಂದು ಸೇರಬೇಕಾಗುತ್ತದೆ.

ಎರಡು ಕಾಸಿನ ಬೆಲೆ ಎಷ್ಟು?

ಕ್ರೈಸ್ತರಲ್ಲಿ ಕೊಡುವಿಕೆಯ ಮಾತು ಬಂದರೆ ಮೊದಲು ನೆನಪಾಗುವುದು ಒಬ್ಬ ಬಡ ವಿಧವೆ. ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಮಾರ್ಕ ಮತ್ತು ಲೂಕ ಬರೆದ ಸುವಾರ್ತೆಗಳಲ್ಲಿ ಆಕೆಯ ಪ್ರಸಂಗ ಬರುವುದು ನಾಲ್ಕೇ ವಾಕ್ಯಗಳಲ್ಲಿ.

ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆ ಹಾಕಲು ತುತ್ತೂರಿಯ ಆಕಾರದ 13 ಪೆಟ್ಟಿಗೆಗಳಿದ್ದವು ಎಂದು ಯೆಹೂದ್ಯರ ಹಳೆಯ ಗ್ರಂಥ ಮಿಶ್ನಾ ಹೇಳುತ್ತದೆ. ಆಗ ಕಾಗದದ ನೋಟು ಇರಲಿಲ್ಲ. ಹಿಡಿ ನಾಣ್ಯ ಸುರಿದರೆ ಸದ್ದು ಸುತ್ತಲಿನವರಿಗೆ ಕೇಳಿಸುವುದು ಸಹಜ. ಶ್ರೀಮಂತರು ಬಂದು ಹೇರಳವಾಗಿ ಹಾಕುತ್ತಿದ್ದರು. ಅವರ ನಡುವೆ ಆ ವಿಧವೆ ಬಂದು ಎರಡು ಲೆಪ್ಟಾನ್ ಹಾಕಿದಳು. ಲೆಪ್ಟಾನ್ ಎಂದರೆ ಆಗಿನ ಅತಿ ಸಣ್ಣ ತಾಮ್ರದ ಕಾಸು.

ಅದರ ಬೆಲೆಯನ್ನು ಇವತ್ತಿನ ಲೆಕ್ಕದಲ್ಲಿ ಹೀಗೆ ತಿಳಿಯಬಹುದು. ಕೂಲಿಯವನಿಗೆ ಒಂದು ದಿನದ ಸಂಬಳ ಒಂದು ದಿನಾರಿ ಬೆಳ್ಳಿ ನಾಣ್ಯ. 128 ಲೆಪ್ಟಾನ್ ಸೇರಿದರೆ ಒಂದು ದಿನಾರಿ. ಅಂದರೆ ಎರಡು ಲೆಪ್ಟಾನ್ ದಿನಗೂಲಿಯ 64ರಲ್ಲಿ ಒಂದು ಪಾಲು. ದಿನಗೂಲಿ 640 ರೂಪಾಯಿ ಎಂದು ಹಿಡಿದರೆ ಆಕೆ ಹಾಕಿದ್ದು 10 ರೂಪಾಯಿ. ಒಂದು ಚಹಾದ ದುಡ್ಡು.

ಯೇಸು ಶಿಷ್ಯರನ್ನು ಕರೆದು ಹೇಳಿದ್ದು, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು. ಉಳಿದವರು ತಮಗೆ ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ತನ್ನ ಜೀವನಕ್ಕೆ ಇದ್ದುದನ್ನೇ ಕೊಟ್ಟಳು ಎಂಬುದು ಅವನ ಮಾತಿನ ಸಾರ.

ವ್ಯಾಪಾರಸ್ಥರಿಗೆ ಈ ಲೆಕ್ಕ ವಿಚಿತ್ರ ಅನಿಸಬಹುದು. ಅಂಗಡಿಯ ಪುಸ್ತಕದಲ್ಲಿ ಬಂದದ್ದನ್ನು ಬರೆಯುತ್ತೇವೆ, ಕೊಟ್ಟವನ ಮನೆಯಲ್ಲಿ ಏನು ಉಳಿಯಿತು ಅಂತ ಬರೆಯುವುದಿಲ್ಲ. ಇಲ್ಲಿ ಅಳತೆ ತಿರುವುಮುರುವು. ಹತ್ತು ಲಕ್ಷ ಇದ್ದವರು ಹತ್ತು ಸಾವಿರ ಕೊಟ್ಟರೆ 9,90,000 ಉಳಿಯುತ್ತದೆ, ಅವರ ರಾತ್ರಿಯ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ವಿಧವೆಗೆ ಉಳಿದದ್ದು ಸೊನ್ನೆ. ಆಕೆಯ ಬಳಿ ಇದ್ದದ್ದು ಎರಡು ಕಾಸು, ಒಂದು ಹಾಕಿ ಇನ್ನೊಂದು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಕ್ರೈಸ್ತರು 'ತ್ಯಾಗದ ಕಾಣಿಕೆ', 'ಪೂರ್ಣ ಮನಸ್ಸಿನ ಕೊಡುವಿಕೆ' ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಅಳತೆ. ಮೊತ್ತ ದೊಡ್ಡದೋ ಚಿಕ್ಕದೋ ಮುಖ್ಯವಲ್ಲ, ಕೊಟ್ಟಿದ್ದರಿಂದ ಕೊಟ್ಟವನಿಗೆ ಏನಾದರೂ ತಟ್ಟಿತೇ ಎಂಬುದು ಮುಖ್ಯ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಇದರ ಹಿಂದಿನ ವಾಕ್ಯಗಳಲ್ಲೇ ಯೇಸು ಶಾಸ್ತ್ರಿಗಳ ಮೇಲೆ ಹರಿಹಾಯುತ್ತಾನೆ. ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನೇ ನುಂಗುವವರು ಎಂದು ಅವರನ್ನು ಜರೆಯುತ್ತಾನೆ. ಅದಾದ ಕೂಡಲೇ ಒಬ್ಬ ವಿಧವೆ ತನ್ನಲ್ಲಿದ್ದ ಕೊನೆಯ ಕಾಸನ್ನೂ ಪೆಟ್ಟಿಗೆಗೆ ಹಾಕುತ್ತಾಳೆ. ಹಾಗಾಗಿ ಇಲ್ಲಿ ಆಕೆಯ ಹೊಗಳಿಕೆ ಮಾತ್ರವಲ್ಲ, ಆಕೆಯಿಂದ ಕೊನೆಯ ಕಾಸೂ ಪಡೆಯುವ ವ್ಯವಸ್ಥೆಯ ಬಗ್ಗೆ ನೋವೂ ಇದೆ ಎಂದು ಓದುವ ಬೈಬಲ್ ವಿದ್ವಾಂಸರಿದ್ದಾರೆ. ಕೊಡುವವರ ಮನಸ್ಸು ದೊಡ್ಡದಿರಬಹುದು, ಪಡೆಯುವವರ ಜವಾಬ್ದಾರಿ ಅದಕ್ಕಿಂತ ದೊಡ್ಡದು ಎಂಬ ಎಚ್ಚರಿಕೆ ಇದು.

ಹತ್ತರಲ್ಲಿ ಒಂದು ಪಾಲು ಕಡ್ಡಾಯವೇ?

ಇದಕ್ಕೆ ಒಂದೇ ಉತ್ತರವಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 'ದಶಮಾಂಶ'ದ ನಿಯಮವಿದೆ. ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿಗಳಲ್ಲಿ ಹತ್ತರಲ್ಲೊಂದು ಪಾಲು ದೇವರದು. ಅದು ಹೋಗುತ್ತಿದ್ದದ್ದು ಸ್ವಂತ ಭೂಮಿಯ ಪಾಲಿಲ್ಲದೆ ದೇವಾಲಯದ ಸೇವೆ ಮಾಡುತ್ತಿದ್ದ ಲೇವಿಯರಿಗೆ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಇಟ್ಟು ಲೇವಿಯರ ಜೊತೆಗೆ ವಿಧವೆಯರು, ಅನಾಥರು, ಪರದೇಶಿಗಳು ಉಣ್ಣುವಂತೆ ಮಾಡಬೇಕೆಂದೂ ಧರ್ಮೋಪದೇಶಕಾಂಡ ಹೇಳುತ್ತದೆ.

ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಸಭೆಗಳಿಗೆ ಇಷ್ಟೇ ಶೇಕಡಾ ಎಂದು ಹಾಕಿಕೊಟ್ಟ ಲೆಕ್ಕವಿಲ್ಲ. ಅದಕ್ಕೇ ಪದ್ಧತಿಯೂ ಬೇರೆ ಬೇರೆ. ಅನೇಕ ಪ್ರಾಟೆಸ್ಟೆಂಟ್ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ ದಶಮಾಂಶವನ್ನು ಬಲವಾಗಿ ಬೋಧಿಸುತ್ತಾರೆ. ಕಥೋಲಿಕರಲ್ಲಿ ಹತ್ತರಲ್ಲೊಂದು ಎಂಬ ಕಟ್ಟುನಿಟ್ಟಿಲ್ಲ, ಚರ್ಚಿನ ಅಗತ್ಯಕ್ಕೆ ಶಕ್ತಿಗೆ ತಕ್ಕಂತೆ ನೆರವಾಗಬೇಕು ಎಂಬುದು ನಿಯಮ. ಮುಸ್ಲಿಮರ ಜಕಾತ್‌ನಲ್ಲಿ ವರ್ಷವಿಡೀ ಉಳಿದ ಹಣದ ಮೇಲೆ ಶೇ 2.5 ಎಂಬ ಸ್ಪಷ್ಟ ಲೆಕ್ಕವಿದೆ. ಶರಣರ ದಾಸೋಹದಲ್ಲಿ ಶೇಕಡಾ ಲೆಕ್ಕವೇ ಇಲ್ಲ. ಕ್ರೈಸ್ತರ ಪದ್ಧತಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಶೇಕಡಾ ಒಂದೇ ಆದ ಮಾತ್ರಕ್ಕೆ ಹೊರೆ ಒಂದೇ ಆಗುವುದಿಲ್ಲ. ತಿಂಗಳಿಗೆ 15,000 ದುಡಿಯುವವರು 1,500 ಕೊಟ್ಟರೆ ಉಳಿಯುವ 13,500ರಲ್ಲಿ ಬಾಡಿಗೆ, ರೇಷನ್, ಶಾಲೆ ಫೀಸು ಎಲ್ಲ ಆಗಬೇಕು. ಎರಡು ಲಕ್ಷ ದುಡಿಯುವವರು 20,000 ಕೊಟ್ಟರೂ 1,80,000 ಕೈಯಲ್ಲಿರುತ್ತದೆ. ಮೊದಲನೆಯವರಿಗೆ ಹತ್ತನೇ ಪಾಲು ದೊಡ್ಡ ತ್ಯಾಗ, ಎರಡನೆಯವರಿಗೆ ಅದು ಬರೀ ಆರಂಭ.

ಇದನ್ನು ಬದುಕಿ ತೋರಿಸಿದವರಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಒಬ್ಬರು. ಮೆಥಡಿಸ್ಟ್ ಪಂಥ ಶುರುವಾಗಿದ್ದು ಅವರಿಂದ. ಆಕ್ಸ್‌ಫರ್ಡ್‌ನಲ್ಲಿದ್ದಾಗ ಅವರ ವರ್ಷದ ವರಮಾನ 30 ಪೌಂಡ್, ಖರ್ಚು 28, ಕೊಟ್ಟದ್ದು 2. ಮುಂದಿನ ವರ್ಷ ವರಮಾನ 60 ಆಯಿತು, ಖರ್ಚು ಅದೇ 28, ಕೊಟ್ಟದ್ದು 32. ಆಮೇಲೆ 90 ಬಂದಾಗ 62, 120 ಬಂದಾಗ 92 ಪೌಂಡ್ ಬಡವರಿಗೆ ಹೋಯಿತು. ವರಮಾನ ಏರಿದಂತೆ ಖರ್ಚು ಏರಿಸದೆ ಕೊಡುವುದನ್ನು ಏರಿಸಿದ ಲೆಕ್ಕ ಇದು. ಮೈಸೂರಿನಲ್ಲಿ 1906ರಲ್ಲಿ ಆರಂಭವಾಗಿ ಇಂದಿಗೂ ಜನ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಕಟ್ಟಿದ್ದು ಇದೇ ವೆಸ್ಲಿ ಪರಂಪರೆಯ ಮಿಷನ್.

ಪೌಲ ಹಾಕಿದ ನಾಲ್ಕು ಕಟ್ಟಲೆ

ಕ್ರೈಸ್ತ ಸಭೆಗಳ ಮೊದಲ ದೊಡ್ಡ ಚಂದಾ ಸಂಗ್ರಹ ನಡೆದದ್ದು ಕ್ರಿ.ಶ. 50ರ ದಶಕದಲ್ಲಿ. ಯೆರೂಸಲೇಮಿನ ಸಭೆಯಲ್ಲಿದ್ದ ಬಡವರ ನೆರವಿಗೆ ಅಪೊಸ್ತಲ ಪೌಲ ಗ್ರೀಸ್ ಕಡೆಯ ಸಭೆಗಳಿಂದ ಹಣ ಕೂಡಿಸಿದ. ಕೊರಿಂಥ ಆಗ ಎರಡು ಬಂದರುಗಳಿದ್ದ ವ್ಯಾಪಾರದ ಪಟ್ಟಣ, ಹಣ ಓಡಾಡುವ ಜಾಗ. ಉತ್ತರದ ಮಕೆದೋನ್ಯದ ಸಭೆಗಳು ಕಡುಬಡವರವು. ಆದರೂ ಮಕೆದೋನ್ಯದವರು ತಮ್ಮ ಶಕ್ತಿ ಮೀರಿ, ತಾವಾಗಿಯೇ ಕೇಳಿಕೊಂಡು ಕೊಟ್ಟರೆಂದು ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ.

ಅದೇ ಪತ್ರಗಳಲ್ಲಿ ಹಣದ ಬಗ್ಗೆ ಅವನು ಹೇಳುವ ಮಾತುಗಳನ್ನು ನಾಲ್ಕು ಕಟ್ಟಲೆಯಾಗಿ ಕೂಡಿಸಬಹುದು.

ಒಂದು, ವಾರವಾರ ಎತ್ತಿಡಿ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಬೇರೆ ತೆಗೆದಿಡಬೇಕು. ತಾನು ಬಂದ ಮೇಲೆ ಒಮ್ಮೆಲೇ ವಸೂಲಿಗೆ ಇಳಿಯುವಂತಾಗಬಾರದು ಎಂಬುದು ಅವನ ಕಾಳಜಿ.

ಎರಡು, ಬಲವಂತ ಬೇಡ. ಗೊಣಗಿಕೊಂಡು, ಮುಲಾಜಿಗೆ ಬಿದ್ದು ಕೊಡುವುದಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಸಂತೋಷದಿಂದ ಕೊಡಬೇಕು.

ಮೂರು, ಇದ್ದುದರಲ್ಲಿ ಕೊಡಿ, ಇಲ್ಲದ್ದನ್ನಲ್ಲ. ಬೇರೆಯವರ ಕಷ್ಟ ತೀರಿಸಲು ಹೋಗಿ ನೀವು ಕಷ್ಟಕ್ಕೆ ಬೀಳಬೇಕೆಂದು ಹೇಳುತ್ತಿಲ್ಲ, ಸಮಪಾಲಾಗಲಿ ಎಂದು ಹೇಳುತ್ತಿದ್ದೇನೆ ಎನ್ನುತ್ತಾನೆ. ಸಾಲ ಮಾಡಿ ಕಾಣಿಕೆ ಕೊಡಿಸುವವರಿಗೆ ಈ ಮಾತಿನಲ್ಲಿ ಆಸರೆ ಸಿಗುವುದಿಲ್ಲ.

ನಾಲ್ಕು, ಲೆಕ್ಕ ನಾಲ್ಕು ಜನರ ಕಣ್ಣೆದುರು ಇರಲಿ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಎಂದು ಪೌಲ ಒಬ್ಬನೇ ಹಣ ಒಯ್ಯಲಿಲ್ಲ. ಸಭೆಗಳೇ ಆರಿಸಿದ ವ್ಯಕ್ತಿಗಳನ್ನು ಜೊತೆಗಿಟ್ಟುಕೊಂಡ. ಇವತ್ತಿನ ಭಾಷೆಯಲ್ಲಿ ಅದು ಆಡಿಟ್.

ಇಷ್ಟಕ್ಕೂ ಕೊಡುವುದು ಯಾಕೆ? ಪೌಲ ಕೊಡುವ ಕಾರಣ ಒಂದೇ. ಐಶ್ವರ್ಯವಂತನಾಗಿದ್ದ ಕ್ರಿಸ್ತನು ಮನುಷ್ಯರಿಗಾಗಿ ಬಡವನಾದ ಎಂಬ ನಂಬಿಕೆ. ದೇವರು ಮೊದಲು ತನ್ನನ್ನೇ ಕೊಟ್ಟ, ಆದ್ದರಿಂದ ನಾವು ಕೊಡುವುದು ಬಂದ ಕೃಪೆಗೆ ಪ್ರತಿಯಾಗಿ ಹುಟ್ಟುವ ಕೃತಜ್ಞತೆ ಎಂಬುದು ಕ್ರೈಸ್ತರ ತಿಳಿವಳಿಕೆ. ಕೊಟ್ಟು ದೇವರನ್ನು ಸಾಲಗಾರನನ್ನಾಗಿ ಮಾಡಿಕೊಳ್ಳುವ ವ್ಯವಹಾರ ಇದರಲ್ಲಿಲ್ಲ.

ಸ್ವಿಸ್ ಮನೆಗಳ 'ಅರ್ಧ ಬಾಟ್ಸನ್'

ಈಗ ಎರಡನೇ ಪ್ರಶ್ನೆ. ಹೊರದೇಶದ ದುಡ್ಡು ಎಂದರೆ ಯಾರ ದುಡ್ಡು? ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಕೇಂದ್ರಗಳಾದವು. ಭಾರತದ ಕೆಲಸ ಆರಂಭಿಸಲು ಜರ್ಮನಿಯ ಒಬ್ಬ ರಾಜಕುಮಾರನಿಂದ ದೊಡ್ಡ ದೇಣಿಗೆ ಬಂದಿತ್ತು. ಆದರೆ ಶಾಲೆ, ಮುದ್ರಣಾಲಯ, ಸಂಬಳ, ಹಡಗಿನ ಖರ್ಚು ಏರುತ್ತ ಹೋದಂತೆ ಒಬ್ಬಿಬ್ಬರ ದೊಡ್ಡ ದೇಣಿಗೆ ಸಾಲಲಿಲ್ಲ.

1855ರಲ್ಲಿ ಬಾಸೆಲ್‌ನ ಉದ್ಯಮಿ ಕಾರ್ಲ್ ಸರಾಸಿನ್ ಒಂದು ದಾರಿ ಹುಡುಕಿದರು. ಅದೇ 'ಅರ್ಧ ಬಾಟ್ಸನ್ ಸಂಗ್ರಹ'. ಬಾಟ್ಸನ್ ಎಂದರೆ ಸ್ವಿಟ್ಜರ್‌ಲೆಂಡಿನ ಹಳೆಯ ಚಿಲ್ಲರೆ ನಾಣ್ಯ. 1850ರಲ್ಲಿ ಹೊಸ ಫ್ರಾಂಕ್ ಪದ್ಧತಿ ಬಂದ ಮೇಲೂ ಜನ 10 ರಾಪನ್ ನಾಣ್ಯವನ್ನು ಬಾಟ್ಸನ್ ಎಂದೇ ಕರೆಯುತ್ತಿದ್ದರು. ಅರ್ಧ ಬಾಟ್ಸನ್ ಎಂದರೆ 5 ರಾಪನ್, ಒಂದು ಫ್ರಾಂಕಿನ 20ರಲ್ಲಿ ಒಂದು ಪಾಲು. ವಾರಕ್ಕೆ ಒಬ್ಬರಿಂದ ಇಷ್ಟೇ. ವರ್ಷವಿಡೀ ತಪ್ಪದೆ ಕೊಟ್ಟರೂ ಒಬ್ಬರದು 2 ಫ್ರಾಂಕ್ 60 ರಾಪನ್.

ಸಂಗ್ರಾಹಕರು ಮನೆಮನೆಗೆ ಹೋಗಿ ಈ ಕಾಸು ಪಡೆಯುತ್ತಿದ್ದರು, ಜೊತೆಗೆ ಹಣ ಎಲ್ಲಿಗೆ ಹೋಗುತ್ತಿದೆ, ಅಲ್ಲಿ ಏನಾಗುತ್ತಿದೆ ಎಂದು ತಿಳಿಸುವ ಚಿಕ್ಕ ಪತ್ರಿಕೆ ಕೊಡುತ್ತಿದ್ದರು. ಪಿಗ್ಮಿ ಏಜೆಂಟರನ್ನು ದಿನಾ ನೋಡುವ ಅಂಗಡಿಯವರಿಗೆ ಈ ಪದ್ಧತಿಯ ಬಲ ಏನೆಂದು ವಿವರಿಸಬೇಕಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯಿಂದಲೇ ಬ್ಯಾಂಕ್ ಬೆಳೆಯಿತು. ವ್ಯತ್ಯಾಸ ಒಂದೇ. ಪಿಗ್ಮಿ ಹಣ ಬಡ್ಡಿ ಸಮೇತ ಕಟ್ಟಿದವರಿಗೆ ವಾಪಸ್ ಬರುತ್ತದೆ. ಅರ್ಧ ಬಾಟ್ಸನ್ ಕೊಟ್ಟವರು ಅದನ್ನು ಮತ್ತೆ ಕಾಣುವವರಲ್ಲ, ಅದು ಹೋಗಿ ಸೇರುವ ಊರನ್ನೂ ಕಾಣುವವರಲ್ಲ.

ಇಂತಹ ಸಣ್ಣ ಕಾಣಿಕೆಗಳಿಂದ ಉಸಿರಾಡಿದ ಸಂಸ್ಥೆಯ ಹೆಸರು ಕನ್ನಡದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಗ್ರಹ ಶುರುವಾಗುವ ಮೊದಲೇ, 1843ರಲ್ಲಿ, ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ್ದರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಲು ಅವರಿಗೆ ಹಣ ಕೊಟ್ಟವರು ನಿವೃತ್ತ ಇಂಗ್ಲಿಷ್ ಅಧಿಕಾರಿ ಕಾಸಾಮೇಜರ್. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ದಶಕಗಳ ದುಡಿಮೆಯ ನಂತರ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಹೊರತಂದರು. ಅದರಲ್ಲಿ ಸುಮಾರು 70,000 ಪದಗಳಿವೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ 'ಮಂಗಳೂರು ಹೆಂಚು' ಎಂಬ ಹೆಸರು ಊರೂರಿಗೆ ಹಬ್ಬಿತು.

ಈ ಹಣ ಬಂದದ್ದು ಮತಪ್ರಚಾರದ ಉದ್ದೇಶದಿಂದ ಎಂಬುದನ್ನು ಮರೆಮಾಚುವಂತಿಲ್ಲ. ಇಲ್ಲಿನ ಜನರ ನಂಬಿಕೆಗಳ ಬಗ್ಗೆ ಆ ಕಾಲದ ಮಿಷನರಿ ಬರಹಗಳಲ್ಲಿ ಇರುವ ಕೀಳು ದೃಷ್ಟಿಯನ್ನು ಇತಿಹಾಸಕಾರರು ಟೀಕಿಸಿದ್ದಾರೆ. ಹಾಗಿದ್ದೂ ಕೊಟ್ಟವರ ಕಡೆಯಿಂದ ನೋಡಿದರೆ ಒಂದು ಸಂಗತಿ ಉಳಿಯುತ್ತದೆ. 'ಹೊರದೇಶದ ದುಡ್ಡು' ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಅಡುಗೆಮನೆಯ ಚಿಲ್ಲರೆಯಿಂದ ಎತ್ತಿಟ್ಟ ಕಾಸಿನ ಪಾಲೂ ಇತ್ತು.

ಆ ಕಾಸು ನಿಂತಾಗ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬಾಸೆಲ್ ಮಿಷನ್‌ನ ಕೆಲಸಗಾರರಲ್ಲಿ ಹೆಚ್ಚಿನವರು ಜರ್ಮನರು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಶತ್ರು ದೇಶದವರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಹೊರಗೆ ಕಳಿಸಲಾಯಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಅದುವರೆಗೆ ಹೊರಗಿನ ನೆರವಿಗೆ ಒರಗಿಕೊಂಡಿದ್ದ ಊರಿನ ಸಭೆಗಳ ಮೇಲೆ ಹೊರೆ ಬಿತ್ತು. ಬೋಧಕರ ಸಂಬಳ, ಶಾಲೆಯ ಖರ್ಚು, ಕಟ್ಟಡದ ದುರಸ್ತಿಗೆ ನೇಕಾರರು, ಹೆಂಚಿನ ಕೆಲಸಗಾರರು, ರೈತರು ತಾವೇ ಕೈ ಚಾಚಬೇಕಾಯಿತು.

ಇಂದಿನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ. ವಿದೇಶಿ ದೇಣಿಗೆ ಪಡೆಯುವ ಯಾವುದೇ ಸಂಸ್ಥೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಊರಿನ ಒಂದು ಸಭೆಯ ಕರೆಂಟ್ ಬಿಲ್ಲು, ಸುಣ್ಣಬಣ್ಣ, ಬಡ ಕುಟುಂಬದ ಆಸ್ಪತ್ರೆ ಖರ್ಚು ಇಂಥವಕ್ಕೆ ಆಧಾರ ಸಾಮಾನ್ಯವಾಗಿ ಅದೇ ಭಾನುವಾರದ ಚೀಲ.

ಹುಂಜ, ಕುಂಬಳಕಾಯಿ, ಹಿಡಿ ಅಕ್ಕಿ

ಕಾಣಿಕೆ ಎಂದರೆ ನೋಟೇ ಆಗಬೇಕಿಲ್ಲ. ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಬೆಳೆ ಹಬ್ಬಕ್ಕೆ, ಕೆಲವೆಡೆ ಸುಗ್ಗಿ ಹಬ್ಬ ಎನ್ನುತ್ತಾರೆ, ಜನ ಹೊಲದಲ್ಲಿ ಬೆಳೆದದ್ದು, ಮನೆಯಲ್ಲಿ ಮಾಡಿದ್ದು ತರುತ್ತಾರೆ. ಜೋಳ, ಭತ್ತ, ತೆಂಗಿನಕಾಯಿ, ಬಾಳೆಗೊನೆ, ಹುಂಜ, ಕುಂಬಳಕಾಯಿ, ರೊಟ್ಟಿ, ಕೇಕ್ ಎಲ್ಲ. ಆರಾಧನೆ ಮುಗಿದ ಮೇಲೆ ಹರಾಜು. ಸಂತೆಯಲ್ಲಿ ನಲವತ್ತಕ್ಕೆ ಸಿಗುವ ಕಾಯಿಗೆ ಇಲ್ಲಿ ನಾನೂರು ಕೂಗುವವರಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಇದು ನಷ್ಟ, ಆದರೆ ಕೂಗುವವರೂ ನಗುತ್ತಲೇ ಕೂಗುತ್ತಾರೆ. ತಂದವರದು ಒಂದು ಕಾಣಿಕೆ, ಕೊಂಡವರದು ಇನ್ನೊಂದು. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್‌ನಲ್ಲಿ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು ಹೊಸ ಊಟ ಮಾಡುತ್ತಾರೆ. ಬೆಳೆದ ಮೊದಲ ಪಾಲು ದೇವರದು ಎಂಬ ಭಾವ ಎರಡರಲ್ಲೂ ಒಂದೇ.

ಇನ್ನೂ ಚಿಕ್ಕ ಕಾಣಿಕೆಯ ದೊಡ್ಡ ಉದಾಹರಣೆ ಮಿಜೋರಾಂನದು. ಅಲ್ಲಿನ ಪ್ರೆಸ್‌ಬಿಟೇರಿಯನ್ ಸಭೆಯ ಹೆಂಗಸರು 1910ರ ಸುಮಾರಿಗೆ ಆರಂಭಿಸಿದ ಪದ್ಧತಿಗೆ 'ಬುಹ್‌ಫೈ ಥಾಮ್' ಎನ್ನುತ್ತಾರೆ. ಅಂದರೆ ಹಿಡಿ ಅಕ್ಕಿ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುವುದು. ಕೂಡಿದ ಅಕ್ಕಿಯನ್ನು ಸಂಗ್ರಹಿಸಿ ಮಾರಿ ಸಭೆಯ ಕೆಲಸಕ್ಕೆ ಬಳಸುತ್ತಾರೆ. ನೂರು ವರ್ಷ ದಾಟಿದ ಈ ಪದ್ಧತಿ ಇಂದಿಗೂ ನಡೆದಿದೆ. ಇಲ್ಲಿ ಕೊಡುವವರ ಕೈಯಲ್ಲಿ ನಗದೇ ಇರಬೇಕಿಲ್ಲ. ಕೊಟ್ಟದ್ದು ಉಳಿದ ಅನ್ನದಿಂದಲೂ ಅಲ್ಲ, ಬೇಯುವ ಮೊದಲೇ ತೆಗೆದ ಹಿಡಿ.

ಮೊದಲು ತಕ್ಕಡಿ ಸರಿಯಾಗಲಿ

ಕೊಡುವುದೊಂದೇ ಪುಣ್ಯ, ಗಳಿಸಿದ್ದು ಹೇಗಾದರೂ ಆಗಲಿ ಎಂಬ ಮಾತು ಬೈಬಲಿನಲ್ಲಿ ಇಲ್ಲ. ವ್ಯಾಪಾರಸ್ಥರಿಗೆ ನೇರವಾಗಿ ತಾಗುವ ಪ್ರಸಂಗ ಯೆರಿಕೋ ಊರಿನ ಜಕ್ಕಾಯನದು. ಸುಂಕ ವಸೂಲಿಯಲ್ಲಿ ಶ್ರೀಮಂತನಾದವನು. ಯೇಸು ಅವನ ಮನೆಗೆ ಬಂದ ದಿನ ಅವನು ಎರಡು ತೀರ್ಮಾನ ಮಾಡಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ವಾಪಸ್. ಎರಡನೆಯದು ದಾನವಲ್ಲ, ತೀರಿಸಬೇಕಾದ ಬಾಕಿ. ಬಾಕಿ ತೀರಿಸದೆ ದಾನ ಮಾಡಿದರೆ ಬೇರೆಯವರ ದುಡ್ಡಲ್ಲಿ ಹೆಸರು ಮಾಡಿದ ಹಾಗೆ. ಕೆಲಸದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ದೇವರಿಗೆ ಮೊರೆಯಿಡುತ್ತದೆ ಎಂಬ ಅರ್ಥದ ಕಟುವಾದ ಮಾತು ಯಾಕೋಬನ ಪತ್ರದಲ್ಲಿದೆ.

ತಂದೆತಾಯಿಯನ್ನು ಬಿಟ್ಟು ದೇವರಿಗೆ ಕೊಡುವುದನ್ನೂ ಯೇಸು ಒಪ್ಪಲಿಲ್ಲ. ಆಗ 'ಕೊರ್ಬಾನ್' ಎಂಬ ಪದ್ಧತಿ ಇತ್ತು. ಈ ಆಸ್ತಿ ದೇವರಿಗೆ ಮೀಸಲು ಎಂದು ಹೇಳಿಬಿಟ್ಟರೆ ವಯಸ್ಸಾದ ಅಪ್ಪ-ಅಮ್ಮನಿಗೆ ಅದರಿಂದ ನೆರವು ಕೊಡದೆ ತಪ್ಪಿಸಿಕೊಳ್ಳಬಹುದಿತ್ತು. ಇದು ದೇವರ ಆಜ್ಞೆಯನ್ನೇ ಮುರಿಯುವ ಕೆಲಸ ಎಂದು ಅವನು ಖಂಡಿಸಿದ.

ಬಿಟ್ಟಿ ಸಿಕ್ಕಿದ್ದನ್ನು ಕೊಡುವ ವಿಷಯದಲ್ಲಿ ಅರಸ ದಾವೀದನ ಉದಾಹರಣೆ ಇದೆ. ಬಲಿಪೀಠ ಕಟ್ಟಲು ಅರೌನ ಎಂಬಾತನ ಕಣ ಬೇಕಿತ್ತು. ಕಣವೂ ಎತ್ತುಗಳೂ ಪುಕ್ಕಟೆ ತೆಗೆದುಕೊಳ್ಳಿ ಎಂದ ಅರೌನ. ತನಗೆ ಏನೂ ಖರ್ಚಾಗದ್ದನ್ನು ದೇವರಿಗೆ ಅರ್ಪಿಸಲಾರೆ ಎಂದು ದಾವೀದ 50 ಶೆಕೆಲ್ ಬೆಳ್ಳಿ ಕೊಟ್ಟೇ ಕೊಂಡ. ಮಾರಾಟವಾಗದೆ ಉಳಿದ ಮಾಲು, ಬೇರೆಲ್ಲೂ ನಡೆಯದ ಹರಿದ ನೋಟು ಕಾಣಿಕೆ ಪೆಟ್ಟಿಗೆ ಸೇರುವುದು ಎಲ್ಲ ಧರ್ಮದವರೂ ಕಂಡ ಸಂಗತಿ. ಆ ಕಣದ ಕಥೆ ಅದಕ್ಕೆ ಉತ್ತರ.

'ಎರಡರಷ್ಟು ಬರುತ್ತೆ' ಅನ್ನುವವರ ಬಗ್ಗೆ

ಮೂರನೇ ಪ್ರಶ್ನೆಯೇ ಹೆಚ್ಚು ಸೂಕ್ಷ್ಮ. ಇಷ್ಟು ಕೊಟ್ಟರೆ ಇಷ್ಟು ಪಟ್ಟು ಆಶೀರ್ವಾದ, ಕೊಡದಿದ್ದರೆ ಕಾಯಿಲೆ, ನಷ್ಟ ಎಂದು ಹೇಳಿ ಹಣ ಕೇಳುವ ಬೋಧಕರು ಹಲವು ದೇಶಗಳಲ್ಲಿದ್ದಾರೆ. 'ಸಮೃದ್ಧಿಯ ಸುವಾರ್ತೆ' ಎಂದು ಹೆಸರಾದ ಈ ಬೋಧನೆಯನ್ನು ಕ್ರೈಸ್ತರಲ್ಲೇ ಹಲವು ಪಂಥಗಳವರು ತಪ್ಪು ಎಂದು ವಿರೋಧಿಸುತ್ತಾರೆ. ದಶಮಾಂಶ ತಂದರೆ ಆಕಾಶದ ಕಿಟಕಿ ತೆರೆದು ಸಮೃದ್ಧಿ ಸುರಿಸುವುದಾಗಿ ಮಲಾಕಿಯನ ಗ್ರಂಥದಲ್ಲಿ ಬರುವ ಮಾತನ್ನು ಈ ಬೋಧಕರು ಹೆಚ್ಚಾಗಿ ಎತ್ತಿ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ಕೂಲಿಯವರ ಕೂಲಿಯಲ್ಲಿ ಮೋಸ ಮಾಡುವವರು, ವಿಧವೆ ಅನಾಥರನ್ನು ಹಿಂಸಿಸುವವರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂಬ ಮಾತೂ ಇದೆ. ಅದನ್ನು ಎತ್ತಿ ಹೇಳುವವರು ಕಡಿಮೆ.

ಎರಡು ಕಾಸು ಕೊಟ್ಟ ವಿಧವೆಗೆ ಆಮೇಲೆ ನಾಲ್ಕು ಕಾಸು ಸಿಕ್ಕಿತು ಎಂದು ಸುವಾರ್ತೆಯಲ್ಲಿ ಬರೆದಿಲ್ಲ. ಅವಳ ಕಥೆ ಅಲ್ಲಿಗೇ ನಿಲ್ಲುತ್ತದೆ. ಲಾಭದ ಆಸೆಗೆ ಕೊಟ್ಟರೆ ಅದು ಹೂಡಿಕೆ, ಹೆದರಿಕೆಗೆ ಕೊಟ್ಟರೆ ಅದು ದಂಡ. ಎರಡನ್ನೂ ತ್ಯಾಗ ಎನ್ನಲಾಗದು.

ಹೆಸರಿಗಾಗಿ ಕೊಡುವುದರ ಅಪಾಯಕ್ಕೆ ಅನನೀಯ ಮತ್ತು ಅವನ ಹೆಂಡತಿ ಸಪ್ಫೈರಳ ಕಥೆ ಇದೆ. ಹೊಲ ಮಾರಿ, ಹಣದಲ್ಲಿ ಸ್ವಲ್ಪ ಬಚ್ಚಿಟ್ಟು, ಪೂರ್ತಿ ತಂದಿದ್ದೇವೆ ಎಂದು ತೋರಿಸಿಕೊಂಡರು. ಹೊಲ ಮಾರುವ ಮೊದಲೂ ನಿನ್ನದೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಎಂಬ ಅರ್ಥದ ಪ್ರಶ್ನೆಯನ್ನು ಪೇತ್ರ ಕೇಳಿದ. ಅಂದರೆ ಕಡಿಮೆ ಕೊಟ್ಟದ್ದು ತಪ್ಪಾಗಿರಲಿಲ್ಲ, ಕೊಡಲೇಬೇಕೆಂಬ ಕಡ್ಡಾಯವೂ ಇರಲಿಲ್ಲ. ಸುಳ್ಳು ಹೇಳಿದ್ದು ತಪ್ಪು.

ಕೊಡುವ ಮೊದಲು ಕೇಳಿಕೊಳ್ಳಬೇಕಾದ್ದು

ಮಂದಿರ, ಮಸೀದಿ, ಚರ್ಚು, ಸೇವಾ ಸಂಸ್ಥೆ ಯಾವುದಕ್ಕೆ ಕೊಡುವವರಿಗೂ ಇಲ್ಲಿಂದ ಕೆಲವು ಸಾದಾ ಪ್ರಶ್ನೆಗಳು ಸಿಗುತ್ತವೆ. ಕೆಲಸದವರ ಸಂಬಳ, ಸಗಟು ವ್ಯಾಪಾರಿಯ ಬಾಕಿ, ಮನೆಯ ಹಿರಿಯರ ಔಷಧಿ ಚುಕ್ತಾ ಆಗಿದೆಯೇ? ಕೊಡುತ್ತಿರುವುದು ಮನಸ್ಸಿನಿಂದಲೋ, ಯಾರದೋ ಮುಲಾಜಿಗೋ? ಪಡೆಯುವವರು ರಸೀದಿ ಕೊಡುತ್ತಾರೆಯೇ, ವರ್ಷದ ಲೆಕ್ಕವನ್ನು ಸದಸ್ಯರ ಮುಂದೆ ಓದುತ್ತಾರೆಯೇ? ಹಣ ಎಣಿಸುವಾಗ ಒಬ್ಬರೇ ಇರುತ್ತಾರೋ, ಇಬ್ಬರು ಮೂವರು ಇರುತ್ತಾರೋ? ಲೆಕ್ಕ ಕೇಳಿದವರನ್ನು ನಂಬಿಕೆ ಇಲ್ಲದವರು ಎಂದು ಗದರಿಸುವ ಜಾಗದಲ್ಲಿ ಪೌಲನ ನಾಲ್ಕನೇ ಕಟ್ಟಲೆಯನ್ನು ನೆನಪಿಸುವುದರಲ್ಲಿ ತಪ್ಪಿಲ್ಲ.

ಇಷ್ಟಾದ ಮೇಲೆ ಎಷ್ಟು ಕೊಡಬೇಕು ಎಂಬುದು ಕೊಡುವವರಿಗೆ ಬಿಟ್ಟದ್ದು. ಒಮ್ಮೆಲೇ ದೊಡ್ಡದು ಕೊಡಲು ಆಗದವರಿಗೆ ಬಾಸೆಲ್‌ನ ಮನೆಗಳ ಹಾಗೆ ವಾರಕ್ಕೊಂದು ಸಣ್ಣ ಮೊತ್ತ, ಮಿಜೋ ಮನೆಗಳ ಹಾಗೆ ಅಡುಗೆಗೆ ಮೊದಲು ಒಂದು ಹಿಡಿ ಎಂಬ ದಾರಿ ಇದೆ. ವರಮಾನ ಏರಿದವರಿಗೆ ವೆಸ್ಲಿಯ ಲೆಕ್ಕವಿದೆ. ಚೀಲ ತಮ್ಮ ಮುಂದೆ ಬಂದಾಗ ಹತ್ತು ರೂಪಾಯಿ ಮಾತ್ರ ಹಾಕಲು ಸಾಧ್ಯವಾದವರು ಸಂಕೋಚಪಡಬೇಕಾಗಿಲ್ಲ. ಅವತ್ತು ಆ ದೇವಾಲಯದಲ್ಲಿ ಎಲ್ಲರಿಗಿಂತ ಹೆಚ್ಚು ಎಂದು ಲೆಕ್ಕಕ್ಕೆ ಹಿಡಿದದ್ದೂ ಸುಮಾರು ಅಷ್ಟೇ ಮೊತ್ತವನ್ನು.